ಬಹದ್ದೂರನ ಪಟ್ಟಿ

ತನ್ಮಯಿಯ ಬಾಯಿಗೆ ಬೀಗ ಹಾಕುವ ಕೆಲಸವನ್ನು ಅವಳಮ್ಮ ಮಧುರಾ ಆಟೊ ಹತ್ತಿದಾಗಲೇ ಶುರು ಮಾಡಿದ್ದಳು.

"ನೋಡು, ಆ ಮನೇಲಿ ಚರ್ಮದ ಮಾತು ಎತ್ಬೇಡ. ಹುಡುಗಿ ರಜಾ ದಿನ ಸಂಗೀತ ಕೇಳ್ತಾಳೆ ಅಂತ ಹೇಳಿದೀನಿ."

"ಸಂಗೀತ ಕೇಳ್ಕೊಂಡೇ ತಾನೆ ನಾನು ಪಟ್ಟಿ ಒರೆಸೋದು?"

"ತನೂ!"

ರಜೆ ಬಂತೆಂದರೆ ತನ್ಮಯಿ ಹಳೆಯ ಮಿಲಿಟರಿ ಪಟ್ಟಿಗಳ ಮುಂದೆ ಕೂತುಬಿಡುತ್ತಿದ್ದಳು. ಬಂದೂಕಿನದು, ಚೀಲದ್ದು, ಕುದುರೆಯ ಜೀನಿನದು. ಹೊಲಿಗೆ, ಬಕಲ್, ಮುದ್ರೆ ನೋಡಿ ಇದು ಯಾವ ದೇಶದ್ದು, ಯಾವ ಕಾಲದ್ದು, ಏನನ್ನು ಕಟ್ಟಿದ್ದು ಎಂದು ಪತ್ತೆ ಹಚ್ಚುವುದು ಅವಳ ಹುಚ್ಚು. ಎಲ್ಲೆಲ್ಲಿಂದಲೋ ಜನ ಫೋಟೊ ಕಳಿಸಿ ಕೇಳುತ್ತಿದ್ದರು. ಮನೆಯಲ್ಲಿ ಮಾತ್ರ ಆ ಪೆಟ್ಟಿಗೆಗೆ ಬಾಲ್ಕನಿಯೇ ಗತಿ.

ಅವಳೂ ಕೇದಾರನೂ ಒಬ್ಬರನ್ನೊಬ್ಬರು ಒಪ್ಪಿ ಎರಡು ವರ್ಷವಾಗಿತ್ತು. ಅವನ ತಂದೆ ಶ್ರೀಹರಿಯವರೂ ಒಪ್ಪಿದ್ದರು. ಉಳಿದದ್ದು ಅಜ್ಜಿ ರಂಗನಾಯಕಮ್ಮನವರ ಒಂದು 'ಹೂಂ'. ಅದಿಲ್ಲದೆ ಆ ಮನೆಯಲ್ಲಿ ಹಾಲೂ ಉಕ್ಕುವುದಿಲ್ಲ ಎಂದು ಕೇದಾರ್ ಎಚ್ಚರಿಸಿದ್ದ.

ಬಸವನಗುಡಿಯ ಆ ಮನೆಯಲ್ಲಿ ಕೇಸರಿಬಾತಿನ ತಟ್ಟೆ ಹಿಡಿದು ತಲೆಯೆತ್ತಿದರೆ, ಎದುರು ಗೋಡೆಯ ಮೊಳೆಯಲ್ಲಿ ಚರ್ಮದ ಪಟ್ಟಿ! ಬಕಲಿನ ಸಂದಿಯಲ್ಲೊಂದು ಒಣಗಿದ ಸೇವಂತಿಗೆ ಎಸಳು. ತನ್ಮಯಿಯ ಕಣ್ಣು ಅಲ್ಲೇ ಅಂಟಿಕೊಂಡಿತು.

"ಅದನ್ನ ನೋಡ್ತಿದೀಯೇನಮ್ಮ?" ಅಜ್ಜಿ ಹಿಗ್ಗಿದರು. "ಬಹದ್ದೂರನ ಸೊಂಟದ ಪಟ್ಟಿ ಅದು. ನಮ್ಮಪ್ಪ ಬರ್ಮಾ ಯುದ್ಧಕ್ಕೆ ಹೋಗಿದ್ರು, ಗುಮಾಸ್ತರಾಗಿ. ಕಾಲು ಮುರ್ಕೊಂಡು ಬಿದ್ದಾಗ ಬೆನ್ನ ಮೇಲೆ ಹೊತ್ಕೊಂಡು ಬೆಟ್ಟ ದಾಟಿಸಿದೋನು ಬಹದ್ದೂರ್. ಗೂರ್ಖಾ ಸಿಪಾಯಿ. ಅವನಿಲ್ದಿದ್ರೆ ನಾನೂ ಇಲ್ಲ, ಈ ಕೇದಾರನೂ ಇಲ್ಲ."

ಕೇದಾರನಿಗೆ ತಡೆಯಲಾಗಲಿಲ್ಲ. "ಅಜ್ಜಿ, ತನ್ಮಯಿ ಇಂಥವನ್ನ ನೋಡಿ ಪೂರ್ತಿ ಜಾತಕ ಹೇಳ್ತಾಳೆ!"

ಮಧುರಾಳ ಕೈಯಿಂದ ಚಮಚ ಜಾರಿತು.

"ಹೌದೇನೆ? ಹಾಗಾದ್ರೆ ಅವನು ಯಾವ ಪಲ್ಟನ್ನಿನೋನು ಅಂತ ಹೇಳಿಬಿಡು. ಕೇದಾರ, ಛತ್ರಿ ತಾರೋ."

ಆ ಪಟ್ಟಿಗೆ ಪೂಜೆಯುಂಟು, ಮುಟ್ಟುವುದಿಲ್ಲ. ಚರ್ಮ ಮೈಲಿಗೆ. ಆಯುಧಪೂಜೆಯಂದು ದೂರ ನಿಂತು ಹೂವೆಸೆಯುವುದು, ಗೋಡೆಗೆ ಸುಣ್ಣ ಬಳಿಯುವಾಗ ಛತ್ರಿಯ ಕೊಕ್ಕೆಯಿಂದ ಇಳಿಸುವುದು. ಹೀಗಾಗಿ ಅದರ ಹಿಂಬದಿಯನ್ನು ಆ ಮನೆಯಲ್ಲಿ ಈವರೆಗೆ ಯಾರೂ ನೋಡಿರಲಿಲ್ಲ.

ಕೇದಾರ್ ಛತ್ರಿಯಿಂದ ಇಳಿಸಿದ ಪಟ್ಟಿಯನ್ನು ತನ್ಮಯಿ ಎರಡೂ ಕೈಯಲ್ಲಿ ಹಿಡಿದು ಮಗುಚಿದಳು. ಅಜ್ಜಿ "ಶಿವಶಿವಾ" ಎಂದು ಸೆರಗು ಒತ್ತರಿಸಿಕೊಂಡರು.

ಬಾಣದ ಗುರುತಿನ ಸರ್ಕಾರಿ ಮುದ್ರೆ, ಇಸವಿ ೧೯೪೨. ಬರ್ಮಾದ ಕಾಲಕ್ಕೆ ಸರಿಹೋಯಿತು. ಆದರೆ ಎರಡೂ ತುದಿಗೆ ಬಕಲ್! ಸೊಂಟದ ಪಟ್ಟಿಗೆ ಒಂದೇ ಇರಬೇಕಲ್ಲ? ಉದ್ದವೂ ವಿಪರೀತ.

"ಬಹದ್ದೂರ್ ತುಂಬ ದಪ್ಪ ಇದ್ರಾ ಅಜ್ಜಿ?"

"ಆಳು ಭಾರಿಯಂತೆ. ದಿನಾ ನೆನೆಸಿದ ಕಡಲೆ ಸೇರುಗಟ್ಲೆ ತಿಂತಿದ್ನಂತೆ. ಮಹಾ ಮೊಂಡನಂತೆ, ಮೇಜರ್ ಹೇಳಿದ್ರೂ ನಿಂತ ಜಾಗದಿಂದ ಕದಲ್ತಿರ್ಲಿಲ್ವಂತೆ."

ಹೊಲಿಗೆಯ ದಾರದಡಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ತನ್ಮಯಿ ಉಗುರಿನಿಂದ ಎಳೆದಳು. ಗಿಡ್ಡ, ಒರಟು, ಕಂದು ಕೂದಲು. ಮನುಷ್ಯರದಲ್ಲ.

ಯಾವುದೋ ಗೂರ್ಖಾ ಪಲ್ಟನ್ನಿನ ಹೆಸರು ಹೇಳಿಬಿಟ್ಟರೆ ಅಜ್ಜಿಯ 'ಹೂಂ' ಕೈಗೆ ಬಂದಂತೆಯೇ. ಅಮ್ಮ ಅದನ್ನೇ ಕಣ್ಣಲ್ಲಿ ಬೇಡುತ್ತಿದ್ದಳು. ಆದರೆ ಜೀವಮಾನವಿಡೀ ಈ ಗೋಡೆಯ ಕೆಳಗೆ ಕೂತು, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಕಾಫಿ ಕುಡಿಯುವುದು ಹೇಗೆ?

"ಅಜ್ಜಿ, ಇದು ಸೊಂಟದ್ದಲ್ಲ. ಹೊಟ್ಟೆ ಕೆಳಗೆ ಬಿಗಿಯೋದು. ಬಹದ್ದೂರ್ ಗೂರ್ಖಾ ಅಲ್ಲ."

"ಮತ್ತೆ?"

"ಹೇಸರಗತ್ತೆ."

ಮಧುರಾ ಹಣೆ ಚಚ್ಚಿಕೊಂಡಳು.

"ನಮ್ಮಪ್ಪ ಸುಳ್ಳು ಹೇಳೋರಲ್ಲ," ಎಂದರು ಅಜ್ಜಿ.

"ಅವರೆಲ್ಲಿ ಸುಳ್ಳು ಹೇಳಿದ್ರು? ಬೆನ್ನ ಮೇಲೆ ಹೊತ್ತ ಅಂದ್ರು, ಹೊತ್ತಿದೆ. ಕಡಲೆ ತಿಂತಿದ್ದ ಅಂದ್ರು, ತಿಂದಿದೆ. ಗೂರ್ಖಾ ಅಂತ ಅವರು ಯಾವತ್ತಾದ್ರೂ ಅಂದಿದ್ರಾ?"

ಅಜ್ಜಿ ಯೋಚಿಸಿದರು. "ಇಲ್ಲ... ಅದು ನಮ್ಮಮ್ಮ ಅಂದದ್ದು."

ಅಷ್ಟರಲ್ಲಿ ಮೂಲೆಯಿಂದ ಶ್ರೀಹರಿಯವರು ನರಳಿದರು. "ಅಮ್ಮಾ, ಪ್ರತಿ ಮಹಾಲಯಕ್ಕೂ ನನ್ನ ಕೈಲಿ ತರ್ಪಣ ಬಿಡಿಸಿದ್ಯಲ್ಲಾ! 'ಬಹದ್ದೂರ ಶರ್ಮಾಣಂ' ಅಂತ!"

"ಬರೀ ಬಹದ್ದೂರ್ ಅಂದ್ರೆ ಮರ್ಯಾದೆ ಇರಲ್ಲ ಅಂತ ಶರ್ಮ ಸೇರಿಸ್ದೆ ಕಣೋ."

"ಗೋತ್ರ ಗೊತ್ತಿಲ್ಲ ಅಂದಿದ್ದಕ್ಕೆ ಪುರೋಹಿತರು ಕಾಶ್ಯಪ ಅಂತ ಹಾಕಿಬಿಟ್ರು. ಗೊತ್ತಿಲ್ಲದೋರಿಗೆಲ್ಲಾ ಕಾಶ್ಯಪವೇ ಅಂತೆ," ಎಂದರು ಶ್ರೀಹರಿ.

ಮಧುರಾ ಕೂತಲ್ಲೇ ಸಣ್ಣದಾಗಿ ಕೆಮ್ಮಿದಳು. "ನಮ್ದೂ... ಕಾಶ್ಯಪವೇ."

ಅಜ್ಜಿ ಅವಳನ್ನು ನೋಡಿದರು, ತನ್ಮಯಿಯನ್ನು ನೋಡಿದರು, ಪಟ್ಟಿಯನ್ನು ನೋಡಿದರು. ಹೊಟ್ಟೆ ಕುಲುಕಿತು, ಆಮೇಲೆ ಭುಜ; ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕುಬಿಟ್ಟರು.

"ಹಾಗಾದ್ರೆ ಹುಡುಗಿ ಕಡೆಯೋನೇ ಅನ್ನಿ! ನೋಡಿದ್ಯೇನೋ ಕೇದಾರ, ಆಗಲೇ ನಮ್ಮನೆ ಭಾರ ಹೊತ್ತಿದಾರೆ ಇವರ ಕಡೆಯೋರು."

ನಗು ಇಳಿದ ಮೇಲೆ ಅವರು ಕೈ ಚಾಚಿ, ಬೆವರಿಗೆ ಕಪ್ಪಾಗಿದ್ದ ಆ ಪಟ್ಟಿಯ ಒಳಮೈಯನ್ನು ಒಮ್ಮೆ ನಿಧಾನವಾಗಿ ಸವರಿದರು.

"ಪಾಪ, ಎಷ್ಟು ಬೆವರಿತ್ತೋ," ಎಂದವರೇ ಎದ್ದು ನಿಂತರು. "ಶ್ರೀಹರಿ, ಗೀಸರ್ ಹಾಕು, ಮೈಲಿಗೆ ಆಯ್ತು. ಲೇ ಹುಡುಗಿ, ನೀನೂ ಕೈಕಾಲು ತೊಳ್ಕೊ. ಯಾರೂ ಎದ್ದು ಹೋಗ್ಬೇಡಿ ಮತ್ತೆ. ಎರಡು ತಂಬಿಗೆ ಸುರ್ಕೊಂಡು ಬಂದ್ಬಿಡ್ತೀನಿ, ತಾಂಬೂಲ ಬದಲಾಯಿಸ್ಕೊಳ್ಳೋಣ."