ಬಣ್ಣದ ಕೋಣೆಯ ಗಂಧದ ಪೆಟ್ಟಿಗೆ

ನಾನು ಒಂದು ಗಂಧದ ಪೆಟ್ಟಿಗೆ. ಸಾಗರದ ಗುಡಿಗಾರ ಮಂಜಯ್ಯನವರ ಕಿರುಉಳಿಯ ಕೆಳಗೆ ನನ್ನ ಹುಟ್ಟಾಯಿತು. ಉದ್ದ ಒಂದು ಗೇಣು, ಎತ್ತರ ಅದರ ಅರ್ಧ. ಮುಚ್ಚಳದ ಮೇಲೆ ಬಳ್ಳಿ, ಬಳ್ಳಿಯ ನಡುವೆ ಒಂದು ನವಿಲು. ನವಿಲಿನ ಕಣ್ಣು ಕೆತ್ತುವಾಗ ಮಂಜಯ್ಯನವರು ಉಸಿರು ಬಿಗಿಹಿಡಿದಿದ್ದರು. ಕೆಲಸ ಮುಗಿದ ಮೇಲೆ ನನ್ನನ್ನು ಮೂಗಿಗೆ ಹಿಡಿದು, "ಇದು ಇರೋ ಕೋಣೆಗೆ ಊದುಬತ್ತಿ ದಂಡ" ಎಂದು ನಕ್ಕರು. ನನ್ನ ಬದುಕಿನ ಮೊದಲ ಹೊಗಳಿಕೆ ಅದು. ಬಹುಕಾಲ ನಾನು ಅದರಲ್ಲೇ ಬೀಗಿದೆ.

ನನಗೆ ಮುಚ್ಚಳವಿದೆ. ಅದು ತೆರೆದಿದ್ದಾಗ ಕಂಡದ್ದನ್ನು ಕಂಡೆನೆಂದೂ ಮುಚ್ಚಿದ್ದಾಗ ಕಿವಿಗೆ ಬಿದ್ದದ್ದನ್ನು ಕೇಳಿದೆನೆಂದೂ ಬೇರೆಬೇರೆಯಾಗಿಯೇ ಹೇಳುತ್ತೇನೆ.

ನನ್ನನ್ನು ಕೊಂಡವರು ಅಂಬುಜಾಬಾಯಿ. ಗದಗಿನ ಕಡೆಯ ಒಂದು ನಾಟಕ ಕಂಪನಿಯಲ್ಲಿ ಅವರು ರಾಣಿಯ ಪಾತ್ರಕ್ಕೆ ಹೆಸರಾದವರು. ಕಂಪನಿಯ ಮಾಲೀಕ ಹಾಲಪ್ಪನೂ ಅವರೆದುರು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಬಾಯಾರು ನನ್ನೊಳಗೆ ಕುಂಕುಮ, ಜೇನುಮೇಣ, ಕಾಡಿಗೆ, ಪೌಡರಿನ ಪಫ್ ಮತ್ತು ಮುಖ ಒರೆಸುವ ಮಲ್‌ಮಲ್ ಬಟ್ಟೆ ಇಡುತ್ತಿದ್ದರು. ಮರ ಹಳತಾಗಿ ಮಂಕಾಗಬಾರದೆಂದು ಪ್ರತಿ ಶುಕ್ರವಾರ ಗಂಧದೆಣ್ಣೆಯಲ್ಲಿ ಅದ್ದಿದ ಅರಳೆಯಿಂದ ನನ್ನ ಒಳಗೋಡೆಗಳನ್ನು ಉಜ್ಜುತ್ತಿದ್ದರು. ಊರಿಂದೂರಿಗೆ ಕ್ಯಾಂಪು ಬದಲಾಗುವಾಗ ಪರದೆಗಳು ಲಾರಿಯಲ್ಲಿ ಹೋದರೆ ನಾನು ಅವರ ತೊಡೆಯ ಮೇಲೆ ಹೋಗುತ್ತಿದ್ದೆ.

ಬಾಯಾರ ಗಂಟಲು ಕೆಟ್ಟು ದನಿ ಒಡೆದಾಗ ರಾಣಿಯ ಪಾತ್ರ ಅವರ ಶಿಷ್ಯೆ ನೀಲಾಂಬಿಕೆಗೆ ಬಂತು. ರೋಣದ ಕಡೆಯ ನೇಕಾರರ ಮನೆಯ ಹೆಣ್ಣು ಅವಳು. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವವಳು. ಬಾಯಾರು ನನ್ನನ್ನು ಅವಳ ಮಡಿಲಿಗೆ ಹಾಕಿದರು. ಆದರೆ ಒಂದು ಪದ್ಧತಿಯನ್ನು ಮಾತ್ರ ಬಿಡಲಿಲ್ಲ. ಮೊದಲ ಗಂಟೆ ಹೊಡೆಯುವ ಮುಂಚೆ ಬಣ್ಣದ ಕೋಣೆಗೆ ಬಂದು, ನನ್ನ ಮುಚ್ಚಳ ತೆರೆದು, ನನ್ನೊಳಗಿನ ಪಫ್‌ನಿಂದ ನೀಲಾಳ ಕೆನ್ನೆಗೆ ಪೌಡರ್ ಸೋಕಿಸಿ, ಹಣೆಗೆ ತಾವೇ ಬೊಟ್ಟಿಡುತ್ತಿದ್ದರು. ಆಮೇಲಷ್ಟೇ ಬಣ್ಣಗಾರ ಖಾದರಸಾಬರು ಕುಂಚ ಮುಟ್ಟಬೇಕು. ಕಂಪನಿಯಲ್ಲಿ ಬಾಯಾರಿಗೆ ಉಳಿದಿದ್ದ ಪಾತ್ರ ಅದೊಂದೇ. ನೀಲಾಳಿಗೂ ಅದು ತಿಳಿದಿತ್ತು.

ಇಳಕಲ್ಲಿನ ಕ್ಯಾಂಪಿನಲ್ಲಿ ನೀಲಾಳ ಕೆನ್ನೆ ಕೆಂಪೇರಿತು. ಮೊದಲು ತುರಿಕೆ, ಆಮೇಲೆ ಸಣ್ಣ ಗುಳ್ಳೆ, ಆಮೇಲೆ ಕಣ್ಣಿನ ರೆಪ್ಪೆಗಳು ಊದಿ ಸಿಪ್ಪೆ ಎದ್ದವು. ಬೆವರಿಳಿದರೆ ಬೆಂಕಿ ಇಟ್ಟಂತಾಗುತ್ತದೆಂದು ಅವಳು ಹಲ್ಲು ಕಚ್ಚಿ ಕೂರುತ್ತಿದ್ದುದನ್ನು ನಾನು ಕಂಡಿದ್ದೇನೆ. ಬಾಗಲಕೋಟೆಯ ಚರ್ಮದ ಡಾಕ್ಟರಮ್ಮ ಹೇಳಿದ್ದನ್ನು ಅವಳು ಬಂದು ಬಾಯಾರಿಗೆ ಒಪ್ಪಿಸಿದಾಗ ನಾನು ಮುಚ್ಚಿದ್ದೆ. ಮಾತು ಮಾತ್ರ ಕೇಳಿಸಿತು.

"ಪರಿಮಳ ಹಾಕಿದ್ದು ಯಾವುದೂ ಮಾರಿಗೆ ಆಗಂಗಿಲ್ಲಂತ್ರೀ ಅವ್ವಾರ. ಡಬ್ಬಿ ಮ್ಯಾಲೆ 'ವಾಸನೆ ಇಲ್ಲ' ಅಂತ ಬರೆದಿದ್ರೂ ನಂಬಬಾರದಂತ. ವಾಸನಿ ಮುಚ್ಚಾಕಂತನ ಮತ್ತೊಂದು ಪರಿಮಳ ಹಾಕಿರ್ತಾರಂತ. 'ಪರಿಮಳ ಸೇರಿಸಿಲ್ಲ' ಅಂತ ಇರಬೇಕು, ಮತ್ತ ಹಿಂದಿನ ಸಣ್ಣ ಅಕ್ಷರದಾಗೂ ಪರಿಮಳದ ಹೆಸರ ಇರಬಾರದು. ಏನ ಹೊಸದು ತಂದ್ರೂ ಮೊದಲ ಮೊಣಕೈ ಒಳಗಡೆ ಹಚ್ಚಿ ಎರಡು ದಿನ ನೋಡಬೇಕಂತ."

"ಅಂಗಡ್ಯಾಂವ ಏನಂದ?" ಎಂದರು ಬಾಯಾರು.

"ಪರಿಮಳ ಇಲ್ಲದ್ದು ಬೇಕಂದ್ರ ಗಿರಣಿಗೆ ಹೋಗಿ ಹಿಟ್ಟ ಹಚ್ಕೋ ತಂಗಿ, ಅಂದ."

ಇಬ್ಬರೂ ನಕ್ಕರು. ಆ ದಿನವೇ ಖಾದರಸಾಬರು ತಮ್ಮ ಹಳೆಯ ಬಣ್ಣಗಳನ್ನೆಲ್ಲ ಸುರಿದು, ಸತುವಿನ ಬಿಳಿಪುಡಿಗೆ ಬರಿಯ ಕೊಬ್ಬರಿ ಎಣ್ಣೆ ಬೆರೆಸಿ ಅವಳಿಗೆಂದೇ ಬೇರೆ ಬಣ್ಣ ಅರೆದರು. ನೀಲಾ ಹುಡುಕಿ ಆರಿಸಿ, ಮೊಣಕೈಗೆ ಹಚ್ಚಿ ನೋಡಿ, ಪರಿಮಳವಿಲ್ಲದ ಕ್ರೀಮು, ಪೌಡರು, ಕುಂಕುಮ ತಂದಳು. ಯಾವುದೂ ಅವಳ ಕೈಯನ್ನು ಕೆಂಪು ಮಾಡಲಿಲ್ಲ. ಹೊಸ ಪಫ್, ಹೊಸ ಬಟ್ಟೆಯೂ ಬಂದವು.

ಆಗ ಬಾಯಾರು ಪ್ರೀತಿಯಿಂದಲೇ ಆ ಮಾತು ಹೇಳಿದರು. "ಇವನ್ನೆಲ್ಲಾ ಪೆಟ್ಟಿಗಿಯೊಳಗ ಇಡು. ಹೊರಗಿನ ವಾಸನಿ ಬಡೀಬಾರದು."

ಮುಚ್ಚಳ ಮುಚ್ಚಿತು. ಕತ್ತಲೆಯಲ್ಲಿ ನನ್ನ ನಾಲ್ಕು ಗೋಡೆಗಳೂ ಆ ಬೆಳ್ಳನೆಯ ಪಫ್ಫಿನ ಕಡೆಗೆ, ಆ ಒಗೆದ ಬಟ್ಟೆಯ ಕಡೆಗೆ ಪರಿಮಳ ಬಿಡುತ್ತಲೇ ಇದ್ದವು. ತಡೆಯುವುದು ನನ್ನ ಕೈಯಲ್ಲಿರಲಿಲ್ಲ. ಮರ ಉಸಿರಾಡುವುದು ಹಾಗೆಯೇ.

ವಾರ ಕಳೆಯುವುದರೊಳಗೆ ಅವಳ ಮುಖ ಮೊದಲಿಗಿಂತ ಹೆಚ್ಚು ಉರಿಯಿತು. ನಡುವೆ ಬಾಯಾರು ತಮ್ಮ ತಂಗಿಯ ಮಗಳ ಲಗ್ನಕ್ಕೆ ಗದಗಿಗೆ ಹೊರಟಾಗ, ಮದುಮಗಳಿಗೂ ನನ್ನೊಳಗಿನ ಕುಂಕುಮವೇ ಆಗಬೇಕೆಂದು ನನ್ನನ್ನು ಜೊತೆಗೆ ಒಯ್ದರು. ಮರಳಿ ಬಂದು ಮುಚ್ಚಳ ತೆರೆದಾಗ ನೀಲಾಳ ಕೆನ್ನೆ ತಿಳಿಯಾಗಿತ್ತು. ಸಿಪ್ಪೆ ಉದುರಿ ಹೊಸ ಚರ್ಮ ಬಂದಿತ್ತು. ಮತ್ತೆ ಪಫ್, ಮತ್ತೆ ಬೊಟ್ಟು. ಮತ್ತೆ ಗುಳ್ಳೆ.

ಅಂದು ಸಂಜೆ ಕೋಣೆಯಲ್ಲಿ ಯಾರೂ ಇಲ್ಲದಾಗ ನೀಲಾ ನನ್ನನ್ನು ತೆರೆದಳು. ಪಫ್ ಎತ್ತಿ ಮೂಸಿದಳು. ಬಟ್ಟೆ ಮೂಸಿದಳು. ಬೆರಳಿನಿಂದ ನನ್ನ ಒಳಗೋಡೆ ಸವರಿ ಬೆರಳನ್ನೂ ಮೂಸಿದಳು. ನನ್ನನ್ನು ಬಹಳ ಹೊತ್ತು ನೋಡಿದಳು. ಹೊರಗೆ ಬಾಯಾರ ಕೆಮ್ಮು ಕೇಳಿಸಿತು. ಅವಳು ಎಲ್ಲವನ್ನೂ ಇದ್ದ ಹಾಗೆಯೇ ಇಟ್ಟು ಮುಚ್ಚಳ ಹಾಕಿದಳು. ಬಾಯಾರು ಬಂದು ಪಫ್ ಹಿಡಿದಾಗ ತಾನಾಗಿ ಮುಖವೊಡ್ಡಿದಳು.

ಅವಳು ತಾಳಿಕೊಂಡಿರಬಹುದಾಗಿತ್ತು. ಆದರೆ ತಪ್ಪು ಮತ್ತೊಬ್ಬರ ತಲೆಗೆ ಸುತ್ತಿಕೊಂಡಿತು. ಹಾಲಪ್ಪ ಬಣ್ಣದ ಕೋಣೆಗೆ ನುಗ್ಗಿದ ದಿನ ನನ್ನ ಮುಚ್ಚಳ ತೆರೆದಿತ್ತು.

"ಚಾಚಾ, ಅಗ್ಗದ ಬಣ್ಣ ಬೆರಸಾಕತ್ತೀರಿ ಅಂತ ಎಲ್ಲಾರೂ ಅಂತಾರ" ಎಂದ.

ಖಾದರಸಾಬರು ಕುಂಚ ಒರೆಸುತ್ತ ಹೇಳಿದರು: "ಎಲ್ಲಾರೂ ಅಂದ್ರ ಯಾರ್ರೀ ಧಣಿ? ಹೆಸರ ಹೇಳ್ರಿ. ನಾಳೆ ಅವರಿಗೆ ರಾಜನ ಬದ್ಲಿ ರಾಕ್ಷಸನ ಮಾರಿ ಬರದು ಕಳಸ್ತೀನಿ."

"ನಗೂ ಮಾತಲ್ಲ ಇದು. ಹುಡುಗಿ ಮಾರಿ ನೋಡ್ರಿ. ಹಿಂಗಾದ್ರ ನಾ ಬ್ಯಾರೆ ರಾಣಿನ್ನ ಕರಸಬೇಕಾಕ್ಕೈತಿ. ನಾಳಿಂದ ನೀವು ಬರೂದು ಬ್ಯಾಡ."

ಸಾಬರು ಕುಂಚಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತತೊಡಗಿದರು. ಬಾಯಾರು ತಲೆ ತಗ್ಗಿಸಿ ನಿಂತಿದ್ದರು. ಅವರ ಮನಸ್ಸಿನಲ್ಲೂ ಸಾಬರ ಮೇಲೆ ಅದೇ ಅನುಮಾನವಿದ್ದುದು ಅವರು ನಿಂತ ಬಗೆಯಲ್ಲೇ ಕಂಡಿತು. ನೀಲಾ ಕನ್ನಡಿಯ ಮುಂದಿಂದ ಎದ್ದಳು.

"ಚಾಚಾ, ಕಟ್ಟಬ್ಯಾಡ್ರಿ. ನಿಮ್ಮ ಬಣ್ಣ ಅಲ್ಲ." ಆಮೇಲೆ ಬಾಯಾರ ಕಡೆ ತಿರುಗಿ, ಅವರ ಮುಖ ನೋಡಲಾರದೆ ನನ್ನನ್ನು ನೋಡುತ್ತ ಹೇಳಿದಳು: "ಅವ್ವಾರ, ಈ ಪೆಟ್ಟಿಗಿ ನನಗ ಆಗಿ ಬರವಲ್ದು. ಗಂಧದ್ದಾದ್ರೂ ಅದೂ ಪರಿಮಳನ ಅಲ್ಲೇನ್ರೀ?"

ನನ್ನ ಮುಚ್ಚಳವನ್ನು ಯಾರಾದರೂ ಹಾಕಲಿ ಎಂದು ಬಯಸಿದೆ. ಯಾರೂ ಹಾಕಲಿಲ್ಲ.

"ನನ್ನ ಕೈಯಾಗ ವಿಷ ಐತೆಂತೀಯೇನು?" ಬಾಯಾರ ಒಡೆದ ದನಿ ಇನ್ನೂ ಒಡೆಯಿತು. "ನಾ ಬಣ್ಣದ ಕ್ವಾಣ್ಯಾಗ ಬರೂದು ಬ್ಯಾಡಾಗಿದ್ರ ಹಂಗ ನೇರ ಹೇಳು. ಪೆಟ್ಟಿಗಿ ಮ್ಯಾಲೆ ಯಾಕ ಹಾಕ್ತಿ?"

"ಇದಕ್ಕ ಅಂಜಿನ ಇಷ್ಟ ದಿನ ಸುಮ್ನಿದ್ದೆ" ಎಂದಳು ನೀಲಾ.

ಬಾಯಾರು ಸುಮ್ಮನೆ ಸೋಲುವವರಲ್ಲ. "ಡಾಕ್ಟರು ಹೇಳಿದ್ದು ನನ್ನ ಕಣ್ಣ ಮುಂದ ಮಾಡು" ಎಂದರು. ಪರಿಮಳವಿಲ್ಲದ ಪೌಡರಿನ ಒಂದೇ ಹೊಸ ಡಬ್ಬಿಯನ್ನು ತೆರೆದರು. ಅವಳ ಎಡಮೊಣಕೈಯ ಒಳಬದಿಗೆ ಖಾದರಸಾಬರು ಅಂಗಡಿಯ ಹೊಸ ಅರಳೆಯಿಂದ ಪೌಡರ್ ಹಚ್ಚಿದರು. ಬಲಮೊಣಕೈಗೆ ಬಾಯಾರು ಅದೇ ಪೌಡರನ್ನು ನನ್ನೊಳಗಿನ ಪಫ್‌ನಿಂದ ಹಚ್ಚಿದರು. ಎರಡು ದಿನ ನೀಲಾಳನ್ನು ರಂಗಕ್ಕೆ ಇಳಿಸಬೇಡವೆಂದೂ, ಸಾಬರನ್ನು ಅಲ್ಲಿಯವರೆಗೆ ಕಳಿಸಬೇಡವೆಂದೂ ಹಾಲಪ್ಪನಿಗೆ ಅಪ್ಪಣೆ ಮಾಡಿದರು. ಸಾಬರ ಗಂಟು ಬಾಗಿಲ ಬಳಿ ಕಟ್ಟಿದ ಹಾಗೆಯೇ ಕುಳಿತಿತ್ತು. ರಾಣಿಯ ಪಾತ್ರಕ್ಕೆ ಸಖಿಯ ಪಾತ್ರದವಳೊಬ್ಬಳನ್ನು ನಿಲ್ಲಿಸಿದರು. ಜನ ಶಿಳ್ಳೆ ಹಾಕಿ ನಕ್ಕದ್ದು ಪರದೆ ದಾಟಿ ನನಗೂ ಕೇಳಿಸಿತು.

ಆ ಎರಡು ದಿನ ನನ್ನ ಮುಚ್ಚಳ ತೆರೆಯಲಿಲ್ಲ. ಬಾಯಾರು ನನ್ನ ಪಕ್ಕದಲ್ಲಿ ಕುಳಿತು ಅಡಿಕೆ ಕತ್ತರಿಸುವುದು ಕೇಳಿಸುತ್ತಿತ್ತು. ನನ್ನ ಪರಿಮಳವನ್ನು ಮೆಚ್ಚದವರನ್ನು ನಾನು ಆವರೆಗೆ ಕಂಡಿರಲಿಲ್ಲ. ಆದರೂ ನಾನೇ ಕಾರಣವೆಂದು ಬೇಗ ತೀರ್ಮಾನವಾಗಲಿ, ಸಾಬರ ಗಂಟು ಬಿಚ್ಚಲಿ, ಆ ಹೆಣ್ಣಿನ ಮುಖ ಉಳಿಯಲಿ ಎಂದು ಮಾತ್ರ ಅನ್ನಿಸುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಮುಚ್ಚಳ ತೆರೆಯಿತು. ನೀಲಾ ಎರಡೂ ತೋಳು ಚಾಚಿ ನಿಂತಿದ್ದಳು. ಎಡಗೈ ಇದ್ದ ಹಾಗೆಯೇ ಇತ್ತು. ಬಲಗೈಯ ಮಡಚಿನಲ್ಲಿ ಪಫ್‌ನಷ್ಟೇ ಅಗಲದ ಕೆಂಪು ವೃತ್ತ, ಅದರ ತುಂಬ ಗುಳ್ಳೆ. ಬಾಯಾರು ಕನ್ನಡಕ ಹಾಕಿ ನೋಡಿದರು. ಮುಟ್ಟಹೋಗಿ ಕೈ ಹಿಂದೆಳೆದುಕೊಂಡರು. ಎದ್ದು ಹೋದರು.

ನೀಲಾ ಅಲ್ಲೇ ಕುಳಿತಳು. ಅವ್ವಾರು ಮುನಿದು, ಕಂಪನಿ ಬಿಡಲೆಂದು ಟ್ರಂಕು ಕಟ್ಟಲು ಹೋದರೆಂದೇ ಅವಳು ಭಾವಿಸಿದಳು. ನಾನೂ ಹಾಗೆಯೇ ತಿಳಿದೆ.

ಬಚ್ಚಲಿನಿಂದ ನೀರಿನ ಸದ್ದು ಬಂತು. ಬಾಯಾರು ಕಡಲೆಹಿಟ್ಟಿನಿಂದ ಕೈ ತಿಕ್ಕಿ, ಒದ್ದೆ ಕೈಯಲ್ಲೇ ಬಂದು ಖಾದರಸಾಬರ ಮುಂದೆ ಅಂಗೈ ಹಿಡಿದರು. "ಮೂಸಿ ನೋಡ್ರಿ ಸಾಬರ. ವಾಸನಿ ಐತೇನು?"

ಸಾಬರು ಬಾಗಿ ಮೂಸಿದರು. "ಐತ್ರೀ ಬಾಯಾರ."

ಮತ್ತೆ ಬಚ್ಚಲು. ಮತ್ತೆ ಅಂಗೈ. "ಈಗ?"

"ಉಗುರ ಸಂದ್ಯಾಗ ಸ್ವಲ್ಪ ಐತ್ರೀ."

ಅವರು ಮತ್ತೆ ಹೋದರು. ಉಗುರುಗಳನ್ನು ಕತ್ತರಿಸಿಕೊಂಡು, ತೋಳಿನವರೆಗೆ ತೊಳೆದು, ಎಣ್ಣೆ ತಾಗಿದ ಸೀರೆಯನ್ನೂ ಬದಲಿಸಿ ಬಂದರು. ಸಾಬರು ಈ ಸಲ ಬಹಳ ಹೊತ್ತು ಮೂಸಿ, "ಇಲ್ರೀ" ಎಂದರು. "ಕೈ ಅಷ್ಟ ಐತಿ."

ಬಾಯಾರು ಅನುಮಾನಪಟ್ಟು ನಿಂತದ್ದಕ್ಕೆ ಸಾಬರಿಗೆ ಕೈ ಮುಗಿದರು. ಆಮೇಲೆ ಅಂಗಡಿಯಿಂದ ತರಿಸಿದ ಹೊಸ ಸ್ಟೀಲ್ ಡಬ್ಬಿಯ ಕುಂಕುಮ ತೆಗೆದು ನೀಲಾಳ ಹಣೆಗೆ ಬೊಟ್ಟಿಟ್ಟರು. ನೀಲಾ ಬಾಯಿಗೆ ಸೆರಗು ಹಿಡಿಯಲು ಮರೆತು ಅತ್ತಳು. ಸಾಬರು ಗಂಟು ಬಿಚ್ಚಿ ಕುಂಚ ತೆಗೆದರು. ಮುಖ ಪೂರ್ತಿ ವಾಸಿಯಾದ ಮೇಲೆ ಅವಳು ಮತ್ತೆ ರಾಣಿಯಾಗಿ ರಂಗಕ್ಕೆ ಇಳಿದಳೆಂದು ಕೇಳಿದ್ದೇನೆ. ಅದನ್ನು ನಾನು ಕಾಣಲಿಲ್ಲ. ಅಷ್ಟರಲ್ಲಿ ನನ್ನನ್ನು ಹಳೆಯ ಸೀರೆಯಲ್ಲಿ ಸುತ್ತಿ ಗದಗಿನ ಮನೆಗೆ ಕಳಿಸಿದ್ದರು.

ಈಗ ನಾನು ಮುದಿಯಾಗಿದ್ದೇನೆ. ನವಿಲಿನ ಕೊಕ್ಕು ಮುರಿದಿದೆ, ಒಂದು ಕೀಲು ಸಡಿಲಿದೆ. ಬಾಯಾರೂ ಕಂಪನಿ ಬಿಟ್ಟು ಮನೆ ಸೇರಿದ್ದಾರೆ. ನನ್ನೊಳಗೆ ಅವರ ಹಳೆಯ ಬಳೆಗಳಿವೆ. ಎಣ್ಣೆ ಉಜ್ಜುವುದನ್ನು ಅವರು ನಿಲ್ಲಿಸಿ ಬಹಳ ಕಾಲವಾಯಿತು. ಹಾಗಿದ್ದೂ ನನ್ನಲ್ಲಿ ಸ್ವಲ್ಪ ಪರಿಮಳ ಉಳಿದೇ ಇದೆ. ಮೆಚ್ಚುವವರಿಗೆ ಸುಖ, ತಾಳದವರಿಗೆ ಉರಿ. ಎರಡೂ ಒಂದೇ ಪರಿಮಳದಿಂದಲೇ. ಇದರಲ್ಲಿ ತಾಳದವರ ತಪ್ಪೇನೂ ಇಲ್ಲವೆಂದು ತಿಳಿಯಲು ನನಗೆ ಇಷ್ಟು ಕಾಲ ಬೇಕಾಯಿತು.

ಸುತ್ತಮುತ್ತ ಕ್ಯಾಂಪು ಬಿದ್ದಾಗಲೆಲ್ಲ ನೀಲಾ ಬರುತ್ತಾಳೆ. ಅವಳು ಓಣಿಯ ತಿರುವಿನಲ್ಲಿ ಕಂಡಳೆಂದರೆ ಬಾಯಾರು ನನ್ನನ್ನು ಎತ್ತಿ ಹಿತ್ತಲ ಕಡೆಯ ಕೋಣೆಯ ಹಲಗೆಯ ಮೇಲಿಟ್ಟು ಬಾಗಿಲೆಳೆಯುತ್ತಾರೆ, ಕಿಟಕಿಗಳನ್ನು ತೆರೆಯುತ್ತಾರೆ. ಆಮೇಲೆ ಪಡಸಾಲೆಯಿಂದ ಅವರ ಒಡೆದ ದನಿ ಕೇಳಿಸುತ್ತದೆ: "ಬಾ, ಈಗ ಹತ್ರ ಬಾ. ಮಾರಿ ನೋಡೂಣು."