ಕಳ್ಳನ ಜೋಡಿ ತಾಲೀಮು

ಅಣ್ಣಿಗೇರಿಯ ಹತ್ತಿ ಸೊಸೈಟಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಮಹಾನಂದಾ, ಮೊಬೈಲಿನ ಚಾಟ್‌ಬಾಟಿಗೆ ಫೋನಿನಲ್ಲಿ ಮೋಸ ಮಾಡುವ ಕಳ್ಳನ ಪಾತ್ರ ಕೊಟ್ಟು ತಾಲೀಮು ನಡೆಸಿದ್ದಳು. ಅದು "ಹೆಡ್ಡಾಫೀಸಿಂದ ಮಾತಾಡಾಕತ್ತೀವ್ರಿ ಅಕ್ಕಾರ, ಪಾಸ್‌ವರ್ಡ್ ಹೇಳ್ರಿ" ಎಂದಾಗೆಲ್ಲ ಇವಳು ಹೇಳಿಯೇ ಬಿಡುತ್ತಿದ್ದಳು. ಇಷ್ಟು ಮರ್ಯಾದೆಯಿಂದ ಕೇಳಿದವರಿಗೆ ಇಲ್ಲ ಅಂತ ಯಾವ ಬಾಯಿಂದ ಅನ್ನುವುದು? "ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ಪರದೆ ಕೆಂಪಾಗಿ ನಿಂತರೆ ಮೊದಲು ಇಂಟರ್‌ನೆಟ್ ವೈರ್ ಕೀಳಿ, ಮಾತು ಆಮೇಲೆ" ಎಂದು ಚಾಟ್‌ಬಾಟ್ ಬೇಸರವಿಲ್ಲದೆ ತಿದ್ದುತ್ತಿತ್ತು.

ಸೋಮವಾರ ಮಧ್ಯಾಹ್ನ ಕಂಪ್ಯೂಟರಿನ ಪರದೆ ನಿಜವಾಗಿಯೂ ಕೆಂಪಾಗಿ ಗಪ್ಪನೆ ನಿಂತಿತು. ಹಿಂದೆಯೇ ಫೋನು ಬಂತು.

"ನಿಮ್ಮ ಕಂಪ್ಯೂಟರ್ ಕೆಟ್ಟೈತ್ರಿ ಅಕ್ಕಾರ. ಪಾಸ್‌ವರ್ಡ್ ಹೇಳ್ರಿ, ರಿಪೇರಿ ಮಾಡ್ತೀವಿ."

ಮಹಾನಂದಾ ಸರಕ್ಕನೆ ವೈರ್ ಕಿತ್ತಳು. ಆದರೂ ಮನೆಯ ರೂಢಿ ಬಿಟ್ಟೀತೇ?

"ಊಟ ಆತೇನ್ರಿ?"

"ಆತ್ರಿ."

"ಹಂಗಾದ್ರ ಫೋನ್ ಇಡೋ ಲೇ, ಭಾಡ್ಯಾ!"