ಸೆಕ್ರೆಟರಿಯವರಿಗೊಂದು ವಿನಾಯಿತಿ

ಶಿಡ್ಲಘಟ್ಟದಲ್ಲಿ ರೇಷ್ಮೆ ಬೆಳೆಗಾರರದೊಂದು ಸಣ್ಣ ಸಂಘವಿತ್ತು. ಮೊಟ್ಟೆಯೊಡೆದ ಹುಳುಗಳನ್ನು ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಪೊರೆ ಬಿಡುವವರೆಗೆ ಸಾಕಿ, ಆ ಚಾಕಿ ಹುಳುಗಳನ್ನು ಸರದಿಯ ಪ್ರಕಾರ ರೈತರಿಗೆ ಕೊಡುವುದು ಅದರ ಕೆಲಸ. ತೊಂಬತ್ತೈದರಲ್ಲಿ ಅಲ್ಲಿಗೆ ಯೂನಿಕ್ಸ್ ಕಂಪ್ಯೂಟರ್ ಬಂತು. ಅದನ್ನು ನೋಡಿಕೊಳ್ಳಲು ಬಂದವಳು ಷಮೀಮ್. ನೂಲು ಬಿಚ್ಚುವವರ ಮನೆಯ ಹುಡುಗಿ. ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ಕಲಿತವಳು.

ಬಂದವಳೇ ಒಂದು ಕಟ್ಟುನಿಟ್ಟು ಮಾಡಿದಳು. ಎಲ್ಲರ ಪಾಸ್‌ವರ್ಡಿಗೂ ಒಂದೊಂದು ತಿಂಗಳ ಆಯಸ್ಸು. ಅವಧಿ ಮುಗಿದರೆ ಹೊಸದನ್ನು ಕೊಡುವವರೆಗೆ ಯಂತ್ರ ಯಾರನ್ನೂ ಒಳಗೆ ಬಿಡುವುದಿಲ್ಲ. ಸರದಿಯನ್ನು ಟೈಪು ಮಾಡುತ್ತಿದ್ದ ಆದಿಲಕ್ಷ್ಮಮ್ಮನಿಗೆ ಐವತ್ತು ದಾಟಿತ್ತು. ಹೊಸದನ್ನು ಎರಡು ಸಲ ಮರೆತು ಬಂದಾಗ ಷಮೀಮ್ ಎಲ್ಲರೆದುರೇ ಗದರಿದಳು.

"ರೂಲ್ಸ್ ಅಂದ್ರೆ ಎಲ್ರಿಗೂ ಒಂದೇ ಕಣಮ್ಮ. ನಂಗೂ ಅಷ್ಟೇ."

ಆದಿಲಕ್ಷ್ಮಮ್ಮ ತಲೆತಗ್ಗಿಸಿ ಹೊಸ ಪಾಸ್‌ವರ್ಡ್ ಕೊಟ್ಟರು.

ಆ ಮಾತು ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಸೆಕ್ರೆಟರಿ ವೆಂಕಟರವಣಪ್ಪ ನಿರ್ದೇಶಕರನ್ನೆಲ್ಲ ಕೂರಿಸಿಕೊಂಡು ಕಂಪ್ಯೂಟರ್ ತೋರಿಸಲು ಹೊರಟರೆ, ಪರದೆ ಹೊಸ ಪಾಸ್‌ವರ್ಡ್ ಕೇಳಿತು. ಅವರು ಒತ್ತಿದ್ದೊಂದನ್ನೂ ಒಪ್ಪಲಿಲ್ಲ. ನಿರ್ದೇಶಕರೊಬ್ಬರು ನಕ್ಕರು. ಸಂಜೆ ಸೆಕ್ರೆಟರಿ ಅವಳನ್ನು ಕೋಣೆಗೆ ಕರೆಸಿದರು.

"ಏನಮ್ಮಾ, ನನ್ನ ಆಫೀಸ್ನಾಗೆ ನನ್ನೇ ಬಾಗಿಲಾಚೆ ನಿಲ್ಲಿಸ್ತೀಯ? ನಂಗೊಬ್ಬನಿಗೆ ಈ ರಗಳೆ ತಪ್ಪಿಸಕ್ಕಾಗಲ್ವಾ?"

ಆಗುತ್ತಿತ್ತು. ಬೇರೆಯವರ ಲೆಕ್ಕ ಹಾಗೇ ಇಟ್ಟು, ಒಬ್ಬರ ಅಕೌಂಟಿಗೆ ಮಾತ್ರ ಅವಧಿಯನ್ನು ತೆಗೆದುಹಾಕಬಹುದಿತ್ತು. ಒಂದೇ ಸಾಲಿನ ಕೆಲಸ. ಷಮೀಮ್ ಆ ಸಾಲನ್ನು ಒತ್ತಿದಳು. "ಜಾಣೆ ಕಣಮ್ಮ ನೀನು" ಎಂದರು ಸೆಕ್ರೆಟರಿ. ಅವಳಿಗೆ ಖುಷಿಯೇ ಆಯಿತು. ಯಾರಿಗೂ ಹೇಳಲಿಲ್ಲ.

ವರ್ಷ ಕಳೆಯುವುದರೊಳಗೆ ಬದಲಾಗದ ಆ ಪಾಸ್‌ವರ್ಡ್ ಅವರ ಕೋಣೆಯಲ್ಲಿ ಟೀ ಕುಡಿಯುವವರಿಗೆಲ್ಲ ಬಾಯಿಪಾಠವಾಗಿತ್ತು. ಅವರಲ್ಲಿ ಸೆಕ್ರೆಟರಿಯ ಬಾಮೈದ ಎರ್ರಪ್ಪನೂ ಒಬ್ಬ.

ಒಂದು ದಿನ ಕೈವಾರದ ಕಡೆಯ ಅಕ್ಕಯ್ಯಮ್ಮ ಖಾಲಿ ತಟ್ಟೆಗಳನ್ನು ಹೊತ್ತುಕೊಂಡು ಬಂದರು. ಅಂದು ಅವರ ಸರದಿ. ಕಂಪ್ಯೂಟರ್ ಮಾತ್ರ ಮುಂದಿನ ವಾರ ಎಂದಿತು. ಅವರ ಜಾಗದಲ್ಲಿ ಎರ್ರಪ್ಪನ ಹೆಸರಿತ್ತು; ಅವನು ಬೆಳಿಗ್ಗೆಯೇ ಹುಳು ಒಯ್ದಾಗಿತ್ತು.

"ಅಯ್ಯೋ ದೇವುಡಾ! ಎಳೆ ಸೊಪ್ಪು ತೋಟದಾಗೆ ನಿಂತೈತೆ. ಮುಂದಿನ್ವಾರಕ್ಕೆ ಬಲ್ತೋಗ್ತದೆ. ಮರಿ ಹುಳ ಅದನ್ನ ಮುಟ್ಟಲ್ಲ. ಏನ್ ಮಾಡ್ಲಿ ತಾಯಿ?"

ಗಲಾಟೆಗೆ ಹೊರಬಂದ ಸೆಕ್ರೆಟರಿ ಆದಿಲಕ್ಷ್ಮಮ್ಮನ ಕಡೆ ತಿರುಗಿದರು. "ನೀನೇ ಅಲ್ವೇನಮ್ಮ ಟೈಪ್ ಮಾಡೋದು? ಕಣ್ ಕಾಣಲ್ಲ ಅಂದ್ರೆ ಹೇಳ್ಬೇಕಪ್ಪ."

"ನಾನ್ ಮಾಡಿಲ್ಲ ಸಾರ್. ಅಕ್ಕಯ್ಯಮ್ಮನ್ ಹೆಸರು ನಾನೇ ಸರಿಯಾಗಿ ಹಾಕಿದ್ದೆ."

ಷಮೀಮ್ ತನ್ನ ಟರ್ಮಿನಲ್‌ನಲ್ಲಿ ನೋಡಿದಳು. ಸರದಿ ತಿದ್ದಿದ್ದು ಸೆಕ್ರೆಟರಿಯ ಅಕೌಂಟಿನಿಂದ, ಹಿಂದಿನ ಮಧ್ಯಾಹ್ನ. ಆ ಹೊತ್ತಿಗೆ ಅವರು ಗೌರಿಬಿದನೂರಿನ ಸಭೆಗೆ ಹೋಗಿದ್ದರು. ಅವರ ಕೋಣೆಯ ಟರ್ಮಿನಲ್ ಮುಂದೆ ಕೂತಿದ್ದವನು ಎರ್ರಪ್ಪ. ಅವಳೇ ಕಣ್ಣಾರೆ ಕಂಡಿದ್ದಳು.

ಬಾಯಿ ತೆರೆದರೆ, ಸೆಕ್ರೆಟರಿಯ ಪಾಸ್‌ವರ್ಡ್ ಏಕೆ ಬದಲಾಗಲೇ ಇಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಅವಳು ಪರದೆಯನ್ನು ಅಳಿಸಿ, ಕೈಕಟ್ಟಿ ಕೂತಳು. ಆದಿಲಕ್ಷ್ಮಮ್ಮ ಒಮ್ಮೆ ಅವಳ ಕಡೆ ನೋಡಿದರು. "ಇವಳಿಗೆ ಗೊತ್ತಿರುತ್ತೆ, ಹೇಳ್ತಾಳೆ" ಎಂಬ ನಂಬಿಕೆಯ ನೋಟ ಅದು. ಷಮೀಮ್ ಕೀಬೋರ್ಡಿನ ಮೇಲಿಲ್ಲದ ಧೂಳನ್ನು ಒರೆಸಿದಳು.

ಮರುದಿನದಿಂದ ಸೆಕ್ರೆಟರಿ ಆದಿಲಕ್ಷ್ಮಮ್ಮನನ್ನು ಹೊರಗೆ ಹುಳುಮನೆಯ ಪಕ್ಕ ತಟ್ಟೆ ತೊಳೆಸುವ ಕೆಲಸಕ್ಕೆ ಹಾಕಿದರು.

ಷಮೀಮ್‌ಗೆ ಅನ್ನ ಸೇರದಾಯಿತು. ಏನಾಯಿತೆಂದು ಅಮ್ಮಿ ವಜೀರುನ್ನೀಸಾ ಕೇಳಿದರೆ ತಲೆನೋವು ಎನ್ನುತ್ತಿದ್ದಳು. ಹುಳುಮನೆಯ ದಾರಿ ಬಿಟ್ಟು ಹಿಂಬಾಗಿಲಿನಿಂದ ಆಫೀಸಿಗೆ ಹೋಗತೊಡಗಿದಳು. ಕಳ್ಳತನ ಎರ್ರಪ್ಪನದು, ಆದರೆ ಮುಖ ಮರೆಸಿಕೊಂಡು ಓಡಾಡುತ್ತಿರುವುದು ತಾನು ಎಂದು ಅವಳಿಗೇ ಅನ್ನಿಸಿತು. ವಾರದ ಕೊನೆಗೆ ಸೆಕ್ರೆಟರಿಗೆ ಎಲ್ಲ ಹೇಳಿದಳು. ಅವರು ತಲೆ ಎತ್ತಲಿಲ್ಲ.

"ಆಗಿದ್ದು ಆಗೋಯ್ತು, ಬಿಡಮ್ಮ. ಮನೆ ಮಾತು. ನಿನ್ ಹೆಸರೂ ಬರ್ತದೆ ನೋಡು."

ಅದಕ್ಕೇ ಅಲ್ಲವೆ ತಾನು ಇಷ್ಟು ದಿನ ಸುಮ್ಮನಿದ್ದದ್ದು! ಕೋಣೆಯಿಂದ ಹೊರಬಂದವಳು, ಅಂದು ಆದಿಲಕ್ಷ್ಮಮ್ಮನನ್ನು ಗದರಿದ್ದ ಜಾಗದಲ್ಲೇ ನಿಂತು ಎಲ್ಲರನ್ನೂ ಕರೆದಳು. ತಟ್ಟೆ ತೊಳೆಸುತ್ತಿದ್ದ ಆದಿಲಕ್ಷ್ಮಮ್ಮನನ್ನೂ ಕರೆಸಿದಳು. ಸೆಕ್ರೆಟರಿಯವರ ಪಾಸ್‌ವರ್ಡಿಗೆ ಅವಧಿ ತೆಗೆದವಳು ತಾನು, ಸರದಿ ತಿದ್ದಿದ್ದು ಆ ಅಕೌಂಟಿನಿಂದ, ಆಗ ಅಲ್ಲಿ ಕೂತಿದ್ದವನು ಎರ್ರಪ್ಪ, ಅದು ತನಗೆ ಅಂದೇ ಗೊತ್ತಿತ್ತು ಎಂದು ಒಂದೇ ಉಸಿರಿಗೆ ಹೇಳಿದಳು. ಸೆಕ್ರೆಟರಿ ಬಾಗಿಲು ಹಾಕಿಕೊಂಡರು.

ಸುದ್ದಿ ನಿರ್ದೇಶಕರಿಗೆ ಮುಟ್ಟಿತು. ಎರ್ರಪ್ಪ ಆಮೇಲೆ ಆಫೀಸಿನ ಮೆಟ್ಟಿಲು ಹತ್ತಲಿಲ್ಲ. ಅಕ್ಕಯ್ಯಮ್ಮನಿಗೆ ಮುಂದಿನ ತಂಡದ ಹುಳುಗಳಲ್ಲಿ ಮೊದಲ ಸರದಿ ಸಿಕ್ಕಿತು, ಆದರೆ ಬಲಿತ ಸೊಪ್ಪನ್ನು ಅವರಾಗಲೇ ಕೊಯ್ದು ಹಸುಗಳಿಗೆ ಹಾಕಿಯಾಗಿತ್ತು. ಷಮೀಮ್ ಸೆಕ್ರೆಟರಿಯ ಅಕೌಂಟಿಗೆ ಎಲ್ಲರಂತೆಯೇ ಅವಧಿ ಹಾಕಿದಳು. ಅವರು ಅವಳೊಡನೆ ಮಾತು ಬಿಟ್ಟರು.

ಆದಿಲಕ್ಷ್ಮಮ್ಮನನ್ನು ಕರೆಯಲು ಅವಳೇ ಹುಳುಮನೆಗೆ ಹೋದಳು. "ಬನ್ನಿ ಅಮ್ಮ, ನಿಮ್ಮ ಕುರ್ಚಿ ಖಾಲಿ ಐತೆ."

ಅವರು ತಟ್ಟೆಯನ್ನು ಬಿಸಿಲಿಗೆ ಒರಗಿಸಿಟ್ಟರು. "ಬೇಡಮ್ಮ. ನೀನು ಹೇಳಿದ್ದು ಒಳ್ಳೇದೇ ಆಯ್ತು. ಆದ್ರೆ ಅವತ್ತು ನಿನ್ನೇ ನೋಡ್ಕಂಡು ನಿಂತಿದ್ನಲ್ಲ, ಅದು ನನ್ ಮನಸ್ಸಿಂದ ಹೋಗಲ್ಲ."

ಷಮೀಮ್ ಒಬ್ಬಳೇ ಆಫೀಸಿಗೆ ಮರಳಿದಳು. ಸರದಿಯನ್ನು ಟೈಪು ಮಾಡುವ ಕೆಲಸವೂ ಅಂದಿನಿಂದ ಅವಳ ಪಾಲಿಗೇ ಬಂತು.